ಹಿತ್ತಾಳೆ ಮೈಕಿನ ಕಳವು

ಮಧ್ಯಾಹ್ನ ಎರಡೂಮುಕ್ಕಾಲಿಗೆ ನಮ್ಮ ಯಜಮಾನರು ಪ್ರಶಸ್ತಿ ಎತ್ತಲು ಹೋಗಿ ಅಂಗಾತ ಬಿದ್ದರು.

ಭಾರಕ್ಕೆ ಬಿದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಿದ್ದದ್ದು ಅದು ಹಗುರವಾಗಿದ್ದಕ್ಕೆ. ಹಳೇ ಕಾಲದ ಮೈಕಿನ ಆಕಾರದ ಆ ಪ್ರಶಸ್ತಿ ಅಪ್ಪಟ ಹಿತ್ತಾಳೆಯದು. ತೂಕ ಒಂಬತ್ತು ಕೆಜಿ. ಕೊನೇ ಸಲ ಒರೆಸಿ ಹೊಳಪು ಕೊಡೋಣವೆಂದು ಇವರು ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು, ಎರಡೂ ಕೈ ಹಾಕಿ ಜಗ್ಗಿದರು. ಅದು ಬೆಂಡಿನ ಹಾಗೆ ಮೇಲೆದ್ದು ಬಂತು. ಇವರು ಹಿಂದಕ್ಕೆ ಹೋದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲು ನಕ್ಕೆ. ಆಮೇಲೆ ಅವರ ಮುಖ ನೋಡಿದೆ. ಓಡಿಹೋಗಿ ಎಬ್ಬಿಸಿದೆ.

"ಇದು ಡಮ್ಮಿ ಕಣೆ," ಎಂದರು. "ಅಸಲಿ ಇಲ್ಲ."

ನಮ್ಮಲ್ಲಿ ಪ್ರತಿ ಪ್ರಶಸ್ತಿಗೂ ಒಂದು ಡಮ್ಮಿ ಇರುತ್ತದೆ. ಫೈಬರ್‌ನದು, ಈ ಮೈಕಿನದಕ್ಕೆ ಹಿತ್ತಾಳೆ ಬಣ್ಣ. ರಿಹರ್ಸಲ್‌ನಲ್ಲಿ ಯಾರು ಬೀಳಿಸಿದರೂ ಚಿಂತೆಯಿರಬಾರದಲ್ಲ, ಅದಕ್ಕೆ. ಮೂರು ಹೆಜ್ಜೆ ದೂರ ನಿಂತರೆ ಅಸಲಿ ಯಾವುದು ನಕಲಿ ಯಾವುದು ಎಂದು ಮಾಡಿದವನಿಗೂ ಗೊತ್ತಾಗುವುದಿಲ್ಲ. ಮೇಜಿನ ಕೆಳಗಿನ ಹಲಗೆಯಲ್ಲಿ ಇರಬೇಕಾದ ಡಮ್ಮಿ ಮೇಜಿನ ಮೇಲೆ ಬಂದಿತ್ತು. ಅಸಲಿ ಮಾಯವಾಗಿತ್ತು.

ಆರು ಗಂಟೆಗೆ ವರ್ಷದ ಸಂಗೀತ ಪ್ರಶಸ್ತಿ ಸಮಾರಂಭ. ಟೀವಿಯಲ್ಲಿ ನೇರಪ್ರಸಾರ. ನಾನು ಅದರ ಫ್ಲೋರ್ ಮ್ಯಾನೇಜರ್. ಅಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮೇಲಿನ ಕೋಣೆಯಿಂದ ನಿರ್ದೇಶಕರು ಬೈದದ್ದನ್ನೆಲ್ಲ ಸಕ್ಕರೆ ಹಚ್ಚಿ ಕೆಳಗಿನವರಿಗೆ ಹೇಳುವವಳು. ಯಜಮಾನರು ಹನ್ನೊಂದು ವರ್ಷದಿಂದ ಪ್ರಶಸ್ತಿಗಳ ಉಸ್ತುವಾರಿ. ಪ್ರಶಸ್ತಿ ಇಡುವ ಕೋಣೆಗೆ ಇರುವುದು ಒಂದೇ ಬೀಗದಕೈ. ಅದು ಇರುವುದು ಇವರ ಜೇಬಿನಲ್ಲಿ.

ಕಳವಾದದ್ದು ಜೀವಮಾನದ ಸಾಧನೆಯ ಪ್ರಶಸ್ತಿ. ಉಳಿದ ಪ್ರಶಸ್ತಿ ಯಾರಿಗೆಂದು ವೇದಿಕೆಯ ಮೇಲೆ ಲಕೋಟೆ ಒಡೆದಾಗಲೇ ಗೊತ್ತಾಗುವುದು. ಇದೊಂದು ಮಾತ್ರ ಮೊದಲೇ ತಿಳಿದಿತ್ತು. ಈ ಸಲ ಅದು ದೊಡ್ಡಮ್ಮನಿಗೆ. ಎಪ್ಪತ್ತನಾಲ್ಕು ವರ್ಷದ ಅಕಾರ್ಡಿಯನ್ ವಾದಕಿ. ಹೆಗಲಿಗೆ ಹಾಕಿಕೊಂಡು, ಗಾಳಿ ಒತ್ತಿ ಬಾರಿಸುವ ಹಾರ್ಮೋನಿಯಂನಂಥ ವಾದ್ಯ ಅದು. ಅವರ ಹೆಸರು ಹಿಡಿದು ಕರೆಯುವವರು ಈ ರಂಗದಲ್ಲಿ ಒಬ್ಬರೂ ಇಲ್ಲ, ಎಲ್ಲರಿಗೂ ಅವರು ದೊಡ್ಡಮ್ಮ. ಜನ ಗುನುಗುವ ಹತ್ತು ಹಾಡಿನಲ್ಲಿ ಆರರ ಹಿಂದೆ ಅವರ ಅಕಾರ್ಡಿಯನ್ ಇರುತ್ತದೆ.

ನಿರ್ದೇಶಕರು ಓಡಿ ಬಂದರು. ಹಿಂದೆಯೇ ಭದ್ರತೆಯ ಮುಖ್ಯಸ್ಥ ಬಂದ. ಹಿಂದೆ ಪೊಲೀಸಿನಲ್ಲಿದ್ದವನು, ನಾವು ಅವನನ್ನು ಮೀಸೆ ಎನ್ನುತ್ತೇವೆ, ಕಾರಣ ಮುಖದ ಮೇಲೆಯೇ ಇದೆ. ನಿರ್ದೇಶಕರ ಅಪ್ಪಣೆ ಮೊದಲು ಬಂತು. ಯಾವ ಕಲಾವಿದರ ಕಿವಿಗೂ ಈ ಸುದ್ದಿ ಬೀಳಬಾರದು. ಟೀವಿಯಲ್ಲಿ ಡಮ್ಮಿಯನ್ನೇ ಕೊಡೋಣ, ನೋಡುವವರಿಗೆ ತಿಳಿಯುವುದಿಲ್ಲ. ಶೋ ಮುಗಿಯುವುದರೊಳಗೆ ಅಸಲಿ ಸಿಗದಿದ್ದರೆ ಪೊಲೀಸ್ ದೂರು.

"ಒಂದೇ ಕೀ, ಒಂದೇ ಜೇಬು," ಎಂದ ಮೀಸೆ. "ಲೆಕ್ಕ ಕಷ್ಟ ಏನಿಲ್ಲ ಸಾರ್."

ನಿರ್ದೇಶಕರು ಯಜಮಾನರ ಕಡೆ ನೋಡದೆಯೇ ಹೇಳಿದರು, "ಶೋ ಆದಮೇಲೆ ನಿಮ್ಮ ಐಡಿ ಕಾರ್ಡು ಕೊಟ್ಟು ಹೋಗಿ. ನಾಳೆಯಿಂದ ಬರಬೇಡಿ."

ಹನ್ನೊಂದು ವರ್ಷದಲ್ಲಿ ಒಂದು ಗುಂಡುಸೂಜಿ ಆಚೀಚೆ ಮಾಡದ ಮನುಷ್ಯ. ಒರೆಸುವ ಬಟ್ಟೆ ತೆಗೆದು ಡಮ್ಮಿಯನ್ನೇ ಒರೆಸತೊಡಗಿದರು. ನಾನು ಹೆಡ್‌ಫೋನ್ ಕಿತ್ತು ಕುತ್ತಿಗೆಗೆ ಇಳಿಬಿಟ್ಟು ಅತ್ತೆಯನ್ನು ಹುಡುಕಿಕೊಂಡು ಹೊರಟೆ.

* * *

ನನ್ನ ಅತ್ತೆ ನಲವತ್ತು ವರ್ಷ ನಾಟಕ, ಸಿನಿಮಾಗಳಿಗೆ ಬಟ್ಟೆ ಹೊಲಿದವರು. ಈಗ ನಮ್ಮ ಸಮಾರಂಭದಲ್ಲಿ ಸೀಟು ತುಂಬುತ್ತಾರೆ. ಗೊತ್ತಿಲ್ಲದವರಿಗೆ ಹೇಳಬೇಕು. ಮುಂದಿನ ಸಾಲಿನ ತಾರೆ ಹಾಡಲು ಎದ್ದು ಹೋದರೆ ಆ ಕುರ್ಚಿ ಖಾಲಿ ಕಾಣುತ್ತದೆ. ಟೀವಿಯಲ್ಲಿ ಖಾಲಿ ಕುರ್ಚಿ ಕಂಡರೆ ನಿರ್ದೇಶಕರಿಗೆ ಜ್ವರ ಬರುತ್ತದೆ. ಹಾಗಾಗಿ ಒಳ್ಳೆಯ ಬಟ್ಟೆ ತೊಟ್ಟ ಹತ್ತು ಜನ ಗೋಡೆ ಬದಿಯಲ್ಲಿ ಕಾದಿರುತ್ತಾರೆ. ತಾರೆ ಎದ್ದ ಕೂಡಲೇ ಹೋಗಿ ಕೂರುವುದು, ಬಂದ ಕೂಡಲೇ ಏಳುವುದು. ನಿಯಮ ಒಂದೇ: ಪಕ್ಕದವರನ್ನು ಮಾತಾಡಿಸಬಾರದು. ಅತ್ತೆಗೆ ಬಾಯಿಗೆ ಬೀಗ ಹಾಕಿಸುವ ಕೆಲಸ ಇದೊಂದೇ ಎಂದು ಮನೆಯಲ್ಲಿ ನಾವು ನಗುತ್ತಿರುತ್ತೇವೆ.

ವಿಷಯ ಕೇಳಿ ಅತ್ತೆ ಅಳಲಿಲ್ಲ, ಗಾಬರಿಯಾಗಲಿಲ್ಲ. ಕನ್ನಡಕ ಒರೆಸಿಕೊಂಡು, ನೀನು ನಡಿ ಎಂದು ನನ್ನನ್ನು ಮುಂದೆ ಕಳಿಸಿ, ಐದು ನಿಮಿಷ ಬಿಟ್ಟು ಪ್ರಶಸ್ತಿ ಕೋಣೆಗೆ ಬಂದರು.

ಪುಟ್ಟ ಕೋಣೆ, ಕಿಟಕಿಯಿಲ್ಲ. ಮಧ್ಯೆ ಮೊಣಕಾಲೆತ್ತರದ ಮೇಜು. ಫೋಟೊದಲ್ಲಿ ಪ್ರಶಸ್ತಿ ಮುಖಕ್ಕೆ ಅಡ್ಡ ಬರಬಾರದೆಂದು ಅಷ್ಟು ತಗ್ಗು ಮಾಡಿಸಿದ್ದರು. ಮೇಜಿನ ಮೇಲೆ ಕಡುನೀಲಿ ವೆಲ್ವೆಟ್ಟು. ಪಕ್ಕದಲ್ಲಿ ಮೆತ್ತನೆ ಕುರ್ಚಿ. ಅತ್ತೆ ಬೀಗದ ಕಡೆ ನೋಡಲೂ ಇಲ್ಲ. ಮಂಡಿಯೂರಿ ಕೂತು, ವೆಲ್ವೆಟ್ಟಿಗೆ ಕೆನ್ನೆ ತಾಗುವ ಹಾಗೆ ಬಗ್ಗಿ, ಬೆಳಕಿಗೆ ಅಡ್ಡಲಾಗಿ ನೋಡಿದರು. ಬೆರಳನ್ನು ಮೆಲ್ಲಗೆ ಆಡಿಸಿದರು.

ಮೀಸೆ ನಕ್ಕ. ಅಜ್ಜಿ ಬಟ್ಟೆ ಖರೀದಿಗೆ ಬಂದಿದ್ದಾರಾ ಎಂದು ಕೇಳಿದ.

"ಇಲ್ಲಿ ನೋಡಪ್ಪ," ಎಂದರು ಅತ್ತೆ. "ಎಲ್ಲಾ ಕಡೆ ಎಳೆ ನಿಂತಿದೆ. ಮಧ್ಯದಿಂದ ಈ ಅಂಚಿನ ತನಕ ಒಂದು ಪಟ್ಟಿ ಮಲಗಿದೆ. ಕದ್ದೋರು ಅದನ್ನ ಎತ್ತಿಲ್ಲ. ಎಳೆದಿದ್ದಾರೆ."

ನಾನೂ ಬಗ್ಗಿ ನೋಡಿದೆ. ಹೌದು, ಒಂದು ಗೇಣು ಅಗಲದ ಪಟ್ಟಿ ಬೇರೆಯೇ ಬಣ್ಣ ಹೊಡೆಯುತ್ತಿತ್ತು.

ಆಮೇಲೆ ಮಗನನ್ನು ವಿಚಾರಿಸಿಕೊಂಡರು. ವೆಲ್ವೆಟ್ಟು ಹಾಸಿದ್ದು ಯಾವಾಗ? ಬೆಳಗಿನ ರಿಹರ್ಸಲ್ ಮುಗಿದು, ಹನ್ನೆರಡೂವರೆಗೆ, ತಾನೇ ಹಾಸಿ ತಾನೇ ಪ್ರಶಸ್ತಿ ಇಟ್ಟದ್ದು ಎಂದರು ಯಜಮಾನರು. ಆಮೇಲೆ ಒಳಗೆ ಬಂದವರು ಮೂರೇ ಜನ. ಸಮಾರಂಭದ ಫೋಟೊಗ್ರಾಫರ್ ಮೊದಲಿಂದ ಇದ್ದ. ಹೊಸ ಗಾಯಕಿ ಮಿಂಚು ಫೋಟೊ ತೆಗೆಸಿಕೊಂಡು ಹೋದಳು. ಕೊನೆಗೆ ದೊಡ್ಡಮ್ಮ ಬಂದರು, ಅವರದೂ ಫೋಟೊ ಆಯಿತು. ಒಂದೂವರೆಗೆ ಬೀಗ ಹಾಕಿ ಊಟಕ್ಕೆ ಹೋದದ್ದು, ಎರಡೂಮುಕ್ಕಾಲಿಗೆ ತೆಗೆದದ್ದು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

"ಮಧ್ಯ ಒಂದು ನಿಮಿಷಾನಾದ್ರೂ ರೂಮು ಖಾಲಿ ಬಿಟ್ಟಿದ್ಯೇನೋ?"

"ಇಲ್ಲಮ್ಮ. ಖಾಲಿ ಅಂತ ಬಿಡಲೇ ಇಲ್ಲ."

ಅತ್ತೆ ಆ ಮೆತ್ತನೆ ಕುರ್ಚಿಯ ಬೆನ್ನು ಸವರಿದರು. ಅದು ಮೇಕಪ್ ರೂಮಿನದು, ದೊಡ್ಡಮ್ಮ ಕೂರಲಿ ಎಂದು ತಂದದ್ದು ಎಂದರು ಯಜಮಾನರು. ಅತ್ತೆ ಹೂಂ ಎಂದರು, ಅಷ್ಟೆ.

ಅಷ್ಟರಲ್ಲಿ ಮೀಸೆಗೆ ಜ್ಞಾನೋದಯವಾಗಿತ್ತು. ಎತ್ತಲಾರದೆ ಎಳೆದಿದ್ದಾರೆ ಎಂದರೆ ಕಳ್ಳನಿಗೆ ಮೈಯಲ್ಲಿ ಕಸುವಿಲ್ಲ. ಅಂದರೆ ಹೆಂಗಸು. ಅಂದರೆ ಮಿಂಚು. ಹೋದ ವಾರ ಆಕೆ ಸಂದರ್ಶನದಲ್ಲಿ, ಆ ಹಿತ್ತಾಳೆ ಮೈಕನ್ನು ಒಂದು ದಿನ ಹೊತ್ತುಕೊಂಡು ಹೋಗಿಬಿಡುತ್ತೇನೆ ಎಂದಿದ್ದಳಂತೆ. ಅವಳ ಗ್ರೀನ್ ರೂಮಿನಲ್ಲಿ ಒಂದು ಕೆಂಪು ಸೂಟ್‌ಕೇಸಿದೆ, ಅದನ್ನು ಮುಟ್ಟಲು ಯಾರಿಗೂ ಬಿಡುವುದಿಲ್ಲವಂತೆ.

"ಹೆಂಗಸು ಅಂದ್ರೆ ಕಸುವಿಲ್ಲ ಅಂತ ಯಾರು ಹೇಳಿದ್ದು ನಿನಗೆ?" ಎಂದು ಅತ್ತೆ ಎದ್ದು ನಿಂತರು. "ಇರಲಿ, ಮೊದಲು ಫೋಟೊ ನೋಡೋಣ."

* * *

ಫೋಟೊಗ್ರಾಫರ್‌ ಒಳ್ಳೆಯವನು, ಸ್ವಲ್ಪ ವಾಚಾಳಿ. ಪ್ರೆಸ್ ಸಾಲಿನ ಕೊನೆಯಲ್ಲಿ ಕೂತು ಕ್ಯಾಮೆರಾ ಒರೆಸುತ್ತಿದ್ದ. ಮೀಸೆ ಹೋದವನೇ ಅವನ ಉದ್ದನೆಯ ಚೀಲ ಬಿಚ್ಚಿಸಿದ. ಸ್ಟ್ಯಾಂಡು, ಲೆನ್ಸು, ಒಂದು ಜೊತೆ ಕಾಲುಚೀಲ. ಪ್ರಶಸ್ತಿಯ ಸುಳಿವಿಲ್ಲ. ಅವನಿಗೆ ಮುಖ ಕೆಂಪಾಯಿತು. ಏನೋ ಹಗ್ಗ ಹುಡುಕುತ್ತಿದ್ದೇವೆ ಎಂದು ನಾನೊಂದು ಸುಳ್ಳು ಹೇಳಿ ಸಮಾಧಾನ ಮಾಡಿದೆ.

ಅತ್ತೆ ಅವನ ಪಕ್ಕ ಕೂತು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದೊಂದೇ ಫೋಟೊ ನೋಡಿದರು. ಹನ್ನೆರಡು ಐವತ್ತಕ್ಕೆ ಮಿಂಚು. ಎರಡೂ ಕೈಯಲ್ಲಿ ಮೈಕು ಎತ್ತಿ ಹೆಗಲ ಮೇಲಿಟ್ಟುಕೊಂಡು, ಹಲ್ಲು ಕಿರಿದಿದ್ದಳು. ತೋಳಿನ ಸ್ನಾಯು ಉಬ್ಬಿತ್ತು.

ಒಂದು ಹತ್ತಕ್ಕೆ ದೊಡ್ಡಮ್ಮ. ಪೂರ್ತಿ ತೋಳಿನ ಬಿಳಿ ಅಂಗಿ. ಪ್ರಶಸ್ತಿಯ ಪಕ್ಕ ನೆಟ್ಟಗೆ ನಿಂತಿದ್ದರು, ಕೈ ಹಿಂದೆ ಕಟ್ಟಿಕೊಂಡು. ಪಕ್ಕದಲ್ಲಿ ಅವರ ಅಕಾರ್ಡಿಯನ್ನಿನ ಕಪ್ಪು ಪೆಟ್ಟಿಗೆ, ಗಾಲಿಗಳ ಮೇಲೆ ನಿಂತಿತ್ತು. ಎತ್ತಿ ಹಿಡಿಯಿರಿ ಎಂದು ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲವೆಂದ ಫೋಟೊಗ್ರಾಫರ್. ಕೊಡುವ ಮೊದಲು ಮುಟ್ಟುವುದು ಮರ್ಯಾದೆಯಲ್ಲ ಎಂದರಂತೆ. ದೊಡ್ಡವರ ವಿನಯ ದೊಡ್ಡದು ಎಂದು ಅವನು ಕೈ ಮುಗಿದ. ನನಗೂ ಹಾಗೆಯೇ ಅನ್ನಿಸಿತು.

ಅತ್ತೆ ಆ ಫೋಟೊವನ್ನು ದೊಡ್ಡದು ಮಾಡಿಸಿದರು. ಮುಖ ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಬೆರಳಿಟ್ಟರು.

"ಇವರ ಅಕಾರ್ಡಿಯನ್ ಆಗ ಎಲ್ಲಿತ್ತೇ?"

ವೇದಿಕೆಯ ಮೇಲೆ ಎಂದೆ. ಹನ್ನೆರಡಕ್ಕೆ ಸೌಂಡ್ ಚೆಕ್ ಆಯಿತು. ಸ್ಟ್ಯಾಂಡಿನ ಜಾಗಕ್ಕೆ ಟೇಪು ಅಂಟಿಸಿದವಳೇ ನಾನು. ಅಲ್ಲಿಂದ ಅದನ್ನು ಕದಲಿಸಿಲ್ಲ. ಅತ್ತೆ ಮತ್ತೆ ಹೂಂ ಎಂದರು. ಆ ಹೂಂಕಾರಕ್ಕೆ ನನಗೆ ಸಿಟ್ಟೇ ಬಂತು. ಗಂಡನ ಕೆಲಸ ಹೋಗುತ್ತಿದೆ, ಇವರು ಪೆಟ್ಟಿಗೆ ನೋಡಿಕೊಂಡು ಕೂತಿದ್ದಾರೆ.

ಮಿಂಚುವಿನ ಗ್ರೀನ್ ರೂಮಿಗೆ ಹೋಗುವಾಗ ನಾಲ್ಕೂವರೆ. ಮೀಸೆ ಒಳಗೆ ಹೋದವನೇ ಮಾಮೂಲಿ ತಪಾಸಣೆ ಎಂದು ಕೆಂಪು ಸೂಟ್‌ಕೇಸಿಗೆ ಕೈ ಹಾಕಿದ. ಎತ್ತಿದ. ಅವನ ಕಣ್ಣು ಅರಳಿತು. ಎಂಟೊಂಬತ್ತು ಕೆಜಿಗೆ ಕಮ್ಮಿಯಿಲ್ಲ ಎಂದ. ಮಿಂಚು ಅಡ್ಡ ನಿಂತಳು. ಅವಳ ಅಮ್ಮ ಸೂಟ್‌ಕೇಸಿನ ಮೇಲೇ ಕೂತುಬಿಟ್ಟರು. ಸಿಕ್ಕಿತು, ಇವರು ಪಾರಾದರು ಎಂದೇ ಅಂದುಕೊಂಡೆ.

ಅತ್ತೆ ಮಾತ್ರ ಸೂಟ್‌ಕೇಸಿನ ಹತ್ತಿರವೇ ಹೋಗಲಿಲ್ಲ. ಮಿಂಚು ತೊಟ್ಟ ಬೆಳ್ಳಿ ಬಣ್ಣದ ಗೌನಿನ ಅಂಚು ಮಗುಚಿ ನೋಡಿದರು. ಈ ಗೌನು ಹೊರದೇಶದ ದೊಡ್ಡ ವಿನ್ಯಾಸಕಾರ ಹೊಲಿದದ್ದೆಂದು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

"ನೀನೇ ಹೊಲಿದಿದ್ದಲ್ವಾ ಮಗಳೇ?"

ಮಿಂಚುವಿನ ಮುಖ ಬೆಳ್ಳಗಾಯಿತು. ಅವಳ ಅಮ್ಮ ಮೇಲೆದ್ದರು. ಸೂಟ್‌ಕೇಸ್ ತೆರೆದರೆ ಒಳಗೆ ಕೈಯಿಂದ ತಿರುಗಿಸುವ ಹಳೆಯ ಹೊಲಿಗೆ ಯಂತ್ರ. ಅವಳ ಅಜ್ಜಿಯದಂತೆ. ಅದಿಲ್ಲದೆ ಅವಳು ಎಲ್ಲಿಗೂ ಹೋಗುವುದಿಲ್ಲವಂತೆ. ಹಾಡುವ ಮೊದಲು ಕೈ ನಡುಗಿದರೆ ನಾಲ್ಕು ಗೆರೆ ಹೊಲಿದರೆ ಸರಿಹೋಗುತ್ತದಂತೆ. ಗೌನು ತಾನೇ ಹೊಲಿದದ್ದೆಂದು ಗೊತ್ತಾದರೆ ಜನ ನಗುತ್ತಾರೆಂದು ಹೆದರಿಕೆ. ಅತ್ತೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊಲಿಗೆ ಚಿನ್ನದಂಥದು, ತೋಳಿನ ಹತ್ತಿರ ಮಾತ್ರ ಒಂದು ಮಡಿಕೆ ಜಾಸ್ತಿಯಾಗಿದೆ ಎಂದು ಅಲ್ಲೇ ನಿಂತು ದಾರ ಕಿತ್ತು, ಸರಿ ಮಾಡಿ ಕೊಟ್ಟರು. ಅವಳು ಅತ್ತೆಯನ್ನು ತಬ್ಬಿಕೊಂಡಳು. ಮೀಸೆ ಬಾಗಿಲಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

ಹೊರಗೆ ಬಂದು ನಾನು ಅತ್ತೆಯ ಮೇಲೆ ಹರಿಹಾಯ್ದೆ. ಗಂಟೆ ಐದಾಗುತ್ತಿದೆ, ಇನ್ನು ಹುಡುಕಲು ಯಾರೂ ಉಳಿದಿಲ್ಲ, ನೀವು ದಾರ ಕೀಳುತ್ತಾ ನಿಂತಿರಿ ಎಂದೆ. ಅತ್ತೆ ನನ್ನ ಹೆಡ್‌ಫೋನಿನ ವೈರು ಬಿಡಿಸಿ ಸರಿ ಮಾಡಿದರು.

"ಇವತ್ತು ನನ್ನನ್ನ ಮಿಂಚು ಸೀಟಿಗೆ ಹಾಕು," ಎಂದರು. "ಅವಳು ಹಾಡೋಕೆ ಹೋದಾಗ."

ಮಿಂಚುವಿನ ಸೀಟು ಮೊದಲ ಸಾಲಿನ ನಾಲ್ಕನೆಯದು. ಐದನೆಯದು ದೊಡ್ಡಮ್ಮನದು.

* * *

ಆರು ಗಂಟೆಗೆ ದೀಪಗಳು ಆರಿದವು, ಸಂಗೀತ ಎದ್ದಿತು, ಎರಡು ಸಾವಿರ ಜನ ಚಪ್ಪಾಳೆ ಹೊಡೆದರು. ಏನೇ ಹೇಳಿ, ಆ ಕ್ಷಣಕ್ಕೆ ಪ್ರತಿ ವರ್ಷ ನನ್ನ ಮೈ ಜುಮ್ಮೆನ್ನುತ್ತದೆ. ಈ ಸಲವೂ ಎಂದಿತು. ಜೊತೆಗೆ ಅಳುವೂ ಬಂತು. ಪರದೆಯ ಹಿಂದೆ ಯಜಮಾನರು ಬಿಳಿ ಕೈಗವಸು ಹಾಕಿಕೊಂಡು, ಗಾಜಿನ ಪ್ರಶಸ್ತಿಗಳನ್ನು ಒಂದೊಂದಾಗಿ ಒರೆಸಿ ಕಳಿಸುತ್ತಿದ್ದರು. ತನ್ನ ಕೊನೆಯ ದಿನದ ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡುವವರನ್ನು ನಾನು ನೋಡಿಲ್ಲ.

ಏಳು ಗಂಟೆಗೆ ಮಿಂಚು ಹಾಡಲು ಎದ್ದಳು. ಅತ್ತೆ ಹೋಗಿ ಅವಳ ಕುರ್ಚಿಯಲ್ಲಿ ಕೂತರು. ನಾನು ಕ್ಯಾಮೆರಾಗೆ ಕಾಣದಂತೆ ನಡುದಾರಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ, ಅವರಿಬ್ಬರಿಂದ ಎರಡು ಮೊಳ ದೂರ. ಹಾಡು ನಾಲ್ಕು ನಿಮಿಷದ್ದು. ಅದು ಮುಗಿದ ಕೂಡಲೇ ಜೀವಮಾನದ ಪ್ರಶಸ್ತಿ.

ಅತ್ತೆ ಮೊದಲ ನಿಮಿಷ ಸುಮ್ಮನಿದ್ದರು. ಆಮೇಲೆ ನಿಯಮ ಮುರಿದರು.

"ಅಮ್ಮಾ, ನಿಮ್ಮ ಬಲಗೈ ಗುಂಡಿ ಬಿಚ್ಚಿಕೊಂಡಿದೆ. ಹಾಕಿಕೊಡ್ಲಾ?"

ಉತ್ತರಕ್ಕೆ ಕಾಯದೆ ಕೈ ಹಿಡಿದರು. ಬಿಳಿ ತೋಳಿನೊಳಗೆ, ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿದ ಪಟ್ಟಿ ನನಗೂ ಕಂಡಿತು. ದೊಡ್ಡಮ್ಮ ಕೈ ಎಳೆದುಕೊಳ್ಳಲು ನೋಡಿದರು. ಅತ್ತೆ ಬಿಡಲಿಲ್ಲ. ಮೆತ್ತಗೆ ಗುಂಡಿ ಹಾಕಿದರು. ಕ್ಯಾಮೆರಾ ಅವರತ್ತ ತಿರುಗಿತು, ಇಬ್ಬರೂ ಮುಖದ ತುಂಬ ನಗು ತಂದುಕೊಂಡು ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ತಟ್ಟಿದ್ದು ಎಡಗೈಯಿಂದ ತೊಡೆಯ ಮೇಲೆ.

ಕ್ಯಾಮೆರಾ ಆಚೆ ಹೋಯಿತು.

"ಪೆಟ್ಟಿಗೆ ಒಳಗಿದೆ ಅಲ್ವಾ?" ಎಂದು ಅತ್ತೆ ತುಟಿ ಅಲುಗಿಸದೆ ಕೇಳಿದರು.

ದೊಡ್ಡಮ್ಮ ವೇದಿಕೆಯಿಂದ ಕಣ್ಣು ಕೀಳದೆ ಪಿಸುಗುಟ್ಟಿದರು.

"ಶೋ ಆದಮೇಲೆ ವಾಪಸ್ ಇಡ್ತಿದ್ದೆ ತಾಯಿ. ಯಾರಿಗೂ ಗೊತ್ತಾಗ್ತಾನೇ ಇರ್ಲಿಲ್ಲ."

"ಗೊತ್ತಾಯ್ತು. ಆ ರೂಮು ನೋಡ್ಕೊಳ್ಳೋನು ನನ್ನ ಮಗ. ಒರೆಸೋಕೆ ಅಂತ ಎತ್ತಿದ. ಇವತ್ತಿಗೆ ಅವನ ಕೆಲಸ ಮುಗೀತು, ಆಮೇಲೆ ಪೊಲೀಸು."

ದೊಡ್ಡಮ್ಮ ತಿರುಗಿ ಅತ್ತೆಯ ಮುಖ ನೋಡಿದರು. ಅವರಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಯಾವ ಕಲಾವಿದರ ಕಿವಿಗೂ ಬೀಳಬಾರದೆಂದು ನಿರ್ದೇಶಕರೇ ಬಾಯಿ ಮುಚ್ಚಿಸಿದ್ದರಲ್ಲ. ಕುರ್ಚಿ ತಂದುಕೊಟ್ಟ ಆ ಸಾಧು ಮನುಷ್ಯನಾ, ಎಂದು ಕೇಳಿದರು. ಹೌದು ಎಂದರು ಅತ್ತೆ. ಆಮೇಲೆ ಅತ್ತೆ ಹೇಳಿದ್ದು ಕೇಳಿ ನನಗೆ ಅವರ ಬಾಯಿ ಮುಚ್ಚಬೇಕೆನ್ನಿಸಿತು. ನೀವು ಏನೂ ಹೇಳಬೇಡಿ, ಡಮ್ಮಿಯನ್ನೇ ತೆಗೆದುಕೊಳ್ಳಿ, ನಾವೇ ಮೆಲ್ಲಗೆ ಅಸಲಿಯನ್ನು ತಂದಿಟ್ಟು ಎಲ್ಲೋ ಮೂಲೆಯಲ್ಲಿ ಸಿಕ್ಕಿತೆನ್ನುತ್ತೇವೆ ಎಂದರು. ಮಗನ ಕೆಲಸ ಕತ್ತಿಯ ಅಂಚಿನಲ್ಲಿರುವಾಗ ಇವರಿಗೆ ದೊಡ್ಡಮ್ಮನ ಮಾನದ ಚಿಂತೆ.

ಹಾಡು ಮುಗಿಯಿತು. ಮಿಂಚು ಬಂದಳು, ಅತ್ತೆ ಎದ್ದರು. ನಿರೂಪಕ ದೊಡ್ಡಮ್ಮನನ್ನು ವೇದಿಕೆಗೆ ಕರೆದ.

* * *

ಬೆಳಗಿನ ರಿಹರ್ಸಲ್‌ನಲ್ಲಿ ನಿರ್ದೇಶಕರು ಮೂರು ಸಲ ಹೇಳಿದ್ದರು. ದೊಡ್ಡಮ್ಮ ಪ್ರಶಸ್ತಿಯನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು, ಮೂರನೇ ಕ್ಯಾಮೆರಾ ಕೆಳಗಿನಿಂದ ತೋರಿಸಬೇಕು, ಅದೇ ಕ್ಷಣಕ್ಕೆ ನಾನು ಸನ್ನೆ ಮಾಡಿ ಬಣ್ಣದ ಕಾಗದ ಸುರಿಸಬೇಕು. ಹೊಸ ಮಾದರಿಯ ಮೇಲೆ ಬೆಳಕು ಹೇಗೆ ಬೀಳುತ್ತದೆ ನೋಡಲು ಬೆಳಿಗ್ಗೆ ಅಸಲಿಯನ್ನೇ ತರಿಸಿದ್ದರು. ದೊಡ್ಡಮ್ಮನ ಬದಲು ನಿಂತ ದಢೂತಿ ಲೈಟಿನವನೇ ಅದನ್ನು ಎತ್ತಿ ಉಸ್ಸಪ್ಪಾ ಎಂದಿದ್ದ. ದೊಡ್ಡಮ್ಮ ಮೊದಲ ಸಾಲಿನಲ್ಲಿ ಕೂತು ನೋಡಿದ್ದರು. ಆಗಲಪ್ಪ ಎಂದು ನಕ್ಕಿದ್ದರು.

ಈಗ ಅವರು ಡಮ್ಮಿಯನ್ನು ಮುಟ್ಟಲಿಲ್ಲ. ಮೈಕಿನ ಮುಂದೆ ನಿಂತರು.

"ಇದು ನಕಲಿ," ಎಂದರು. "ಅಸಲಿ ಮಧ್ಯಾಹ್ನ ಕಳವಾಗಿದೆ. ಕದ್ದವಳು ನಾನು."

ಸಭೆ ಗೊಳ್ಳೆಂದು ನಕ್ಕಿತು. ನನ್ನ ಕಿವಿಯಲ್ಲಿ ನಿರ್ದೇಶಕರು ಜಾಹೀರಾತು ಹಾಕಿ, ಜಾಹೀರಾತು ಹಾಕಿ ಎಂದು ಅರಚಿದರು.

"ನಿಜವಾಗಿ. ಎಂಟು ತಿಂಗಳಿಂದ ನನ್ನ ಬಲ ಮಣಿಕಟ್ಟು ಒಂದು ತಟ್ಟೆ ಹಿಡಿಯಲ್ಲ. ಅದನ್ನ ನಿಮ್ಮೆಲ್ಲರ ಮುಂದೆ ಎತ್ತೋಕೆ ಹೋಗಿ ಬೀಳಿಸಿದ್ರೆ ಮುದುಕಿ ಕೈ ಹೋಯ್ತು ಅಂತಾರೆ, ಆಮೇಲೆ ಯಾರೂ ಬಾರಿಸೋಕೆ ಕರೆಯಲ್ಲ ಅಂತ ಹೆದರಿದೆ. ನನ್ನ ಹೆದರಿಕೆಗೆ ಒಬ್ಬ ಒಳ್ಳೆಯವನು ಕಳ್ಳ ಅನ್ನಿಸ್ಕೊಂಡ. ಬಾರಪ್ಪ, ಅದನ್ನ ತಗೊಂಡು ಬಾ. ನನ್ನ ಪೆಟ್ಟಿಗೆಯಲ್ಲಿದೆ."

ನಗು ನಿಂತಿತು. ಜಾಹೀರಾತು ಬೇಡ, ಹಾಗೇ ಬಿಡಿ, ಎಂಬ ಪಿಸುದನಿ ಹೆಡ್‌ಫೋನಿನಲ್ಲಿ ಕೇಳಿತು. ಯಜಮಾನರು ಬಿಳಿ ಕೈಗವಸಿನಲ್ಲಿ ಹಿತ್ತಾಳೆ ಮೈಕು ಹೊತ್ತುಕೊಂಡು ವೇದಿಕೆಗೆ ಬಂದರು. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತರು. ದೊಡ್ಡಮ್ಮ ಅವರ ಹೆಗಲ ಮೇಲೆ ಎಡಗೈ ಇಟ್ಟು, ಈತನ ಮೇಲೆ ಯಾವ ಕಳಂಕವೂ ಇಲ್ಲ ಎಂದು ಎರಡು ಸಲ ಹೇಳಿದರು.

"ಹೋಗಿರೋದು ಮ‍ಣಿಕಟ್ಟು. ಬೆರಳಿಗೆ ಏನೂ ಆಗಿಲ್ಲ. ಬೇಕಾದ್ರೆ ಕೇಳಿ."

ಮಿಂಚು ಓಡಿ ಬಂದು ಅಕಾರ್ಡಿಯನ್ನನ್ನು ಅವರ ಹೆಗಲಿಗೆ ಏರಿಸಿದಳು. ದೊಡ್ಡಮ್ಮ ಬಾರಿಸಿದರು. ಎಡತೋಳು ಗಾಳಿ ತುಂಬುತ್ತಿತ್ತು, ಬಲಗೈ ಬೆರಳುಗಳು ಹದಿನಾರರ ಹುಡುಗಿಯ ಹಾಗೆ ಕುಣಿಯುತ್ತಿದ್ದವು. ಎರಡು ಸಾವಿರ ಜನ ಎದ್ದು ನಿಂತರು. ಸೀಟು ತುಂಬುವವರಿಗೆ ತುಂಬಲು ಒಂದು ಸೀಟೂ ಉಳಿಯಲಿಲ್ಲ. ಯಾರೂ ಏನನ್ನೂ ತಲೆಯ ಮೇಲೆ ಎತ್ತಲಿಲ್ಲ, ಆದರೂ ನಾನು ಸನ್ನೆ ಮಾಡಿಬಿಟ್ಟೆ. ಬಣ್ಣದ ಕಾಗದ ಸುರಿಯಿತು.

* * *

ಎಂಟೂವರೆಗೆ ನಾವೆಲ್ಲ ಪ್ರಶಸ್ತಿ ಕೋಣೆಯಲ್ಲಿದ್ದೆವು. ಹೊರಗೆ ಪತ್ರಿಕೆಯವರು ದೊಡ್ಡಮ್ಮನನ್ನು ಮುತ್ತಿದ್ದರು. ಮೂರು ತಂಡದವರು ಮುಂದಿನ ತಿಂಗಳು ಬಾರಿಸಲು ಬನ್ನಿ ಎಂದು ಆಗಲೇ ಕೇಳಿಯಾಗಿತ್ತು. ಮೀಸೆ ಮುಖ ಸಣ್ಣದು ಮಾಡಿಕೊಂಡು, ಇದೆಲ್ಲ ಹೇಗೆ ತಿಳಿಯಿತು ಅಮ್ಮ ಎಂದು ಕೇಳಿದ. ಮಧ್ಯಾಹ್ನದ ಅಜ್ಜಿ ಈಗ ಅಮ್ಮ ಆಗಿದ್ದರು.

ಅತ್ತೆ ಮೆತ್ತನೆ ಕುರ್ಚಿಯಲ್ಲಿ ಕೂತು ಹೇಳಿದರು. ಕಳ್ಳ ಡಮ್ಮಿಯನ್ನು ಮೇಲಿಟ್ಟು, ಮುಖ ಮುಂದೆ ಮಾಡಿ ನಿಲ್ಲಿಸಿ ಹೋಗಿದ್ದ. ಕದ್ದು ಮಾರುವವನಿಗೆ ಆ ಉಸಾಬರಿ ಏಕೆ? ಹಾಗಾದರೆ ಇದು ಶೋ ಸುಸೂತ್ರ ನಡೆಯಬೇಕೆನ್ನುವವರ ಕೆಲಸ. ಅಸಲಿ ಇಲ್ಲದಿದ್ದರೆ ಡಮ್ಮಿ ಕೊಡುತ್ತಾರೆ. ಅದರಿಂದ ಯಾರಿಗೆ ಅನುಕೂಲ? ಭಾರ ಎತ್ತಲಾಗದವರಿಗೆ. ವೆಲ್ವೆಟ್ಟೂ ಅದನ್ನೇ ಹೇಳಿತ್ತು. ಮಿಂಚು ಅದನ್ನು ಹೆಗಲ ಮೇಲೆ ಹೊತ್ತವಳು, ಅವಳು ಎಳೆಯುವುದೇಕೆ?

"ಫೋಟೊದಲ್ಲಿ ಪೆಟ್ಟಿಗೆ ನೋಡಿದಾಗ ಅರ್ಧ ಗೊತ್ತಾಯ್ತು. ವಾದ್ಯ ವೇದಿಕೆ ಮೇಲಿದೆ. ಖಾಲಿ ಪೆಟ್ಟಿಗೆ ಎಳ್ಕೊಂಡು ಫೋಟೊಗೆ ಯಾರಪ್ಪ ಬರ್ತಾರೆ? ಮೇಜೂ ಪೆಟ್ಟಿಗೆ ಬಾಯೂ ಒಂದೇ ಎತ್ತರ. ಎಡಗೈಯಲ್ಲಿ ಎಳೆದು, ಮಂಡಿಯಲ್ಲಿ ನೂಕಿದ್ರೆ ಮುಗೀತು. ತೋಳಿನ ಗುಂಡಿ ನೋಡಿದ ಮೇಲೆ ಉಳಿದರ್ಧಾನೂ ಗೊತ್ತಾಯ್ತು. ಅಷ್ಟು ಒಪ್ಪವಾಗಿ ಬಟ್ಟೆ ಹಾಕೋರು ಬಲಗೈ ಗುಂಡಿ ಬಿಡ್ತಾರಾ? ಎಡಗೈ ಗುಂಡಿ ಹಾಕಿತ್ತು. ಬಲಗೈದು ಪಟ್ಟಿ ದಪ್ಪಕ್ಕೆ ಒಂದೇ ಕೈಯಲ್ಲಿ ಕೂರಲ್ಲ, ಬೇರೆಯವರ ಹತ್ರ ಹಾಕಿಸಿಕೊಂಡ್ರೆ ಪಟ್ಟಿ ಕಾಣುತ್ತೆ."

"ಆದ್ರೆ ಇವರು ಒಂದು ನಿಮಿಷಾನೂ ರೂಮು ಬಿಟ್ಟಿಲ್ಲ ಅಂದ್ರಲ್ಲ," ಎಂದ ಮೀಸೆ.

"ಖಾಲಿ ಬಿಟ್ಟಿಲ್ಲ ಅಂದ. ಈ ಕುರ್ಚಿ ಹಾರಿಕೊಂಡು ಬಂತಾ? ಕಾಲು ನೋವು ಅಂದ್ರು, ಇವನು ಮೇಕಪ್ ರೂಮಿಗೆ ಓಡಿದ. ಹೋಗಿ ಬರೋಕೆ ಆರು ನಿಮಿಷ. ಫೋಟೊದವನು ಆಗಲೇ ಹೋಗಿದ್ದ. ರೂಮಲ್ಲಿ ದೊಡ್ಡಮ್ಮ ಇದ್ರಲ್ಲ, ಖಾಲಿ ಹೇಗಾಗುತ್ತೆ? ನನ್ನ ಮಗ ಸುಳ್ಳು ಹೇಳಲ್ಲ. ಅವನ ಲೆಕ್ಕದಲ್ಲಿ ದೊಡ್ಡಮ್ಮ ಅನುಮಾನಕ್ಕೆ ಸೇರಲ್ಲ, ಅಷ್ಟೆ."

ನಿರ್ದೇಶಕರು ಒಳಗೆ ಬಂದರು. ಇಷ್ಟು ಜನ ಈ ಕಾರ್ಯಕ್ರಮವನ್ನು ಯಾವ ವರ್ಷವೂ ನೋಡಿಲ್ಲವಂತೆ, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಯಜಮಾನರು ಕುತ್ತಿಗೆಯಿಂದ ಐಡಿ ಕಾರ್ಡು ತೆಗೆದು ಮುಂದೆ ಹಿಡಿದರು. ನಿರ್ದೇಶಕರು ಅದನ್ನು ನೋಡಿ, ಇದನ್ನು ಯಾರು ಕೇಳಿದರು ಎಂದು ತಾವೇ ಗದರಿದರು. ಆಮೇಲೆ ನೆನಪಾಯಿತೇನೋ, ಕಿವಿ ಕೆಂಪಾಯಿತು. ಎಲ್ಲರ ಎದುರಿಗೇ ಕ್ಷಮೆ ಕೇಳಿ, ಕಾರ್ಡನ್ನು ಅವರೇ ಇವರ ಕೊರಳಿಗೆ ಹಾಕಿದರು.

ಎಲ್ಲರೂ ಹೋದ ಮೇಲೆ ನಾವು ಮೂವರೇ ಉಳಿದೆವು. ಯಜಮಾನರು ವೆಲ್ವೆಟ್ಟು ಮಡಿಸುತ್ತಾ ಕೇಳಿದರು, "ಅಮ್ಮ, ನಿಜ ಹೇಳು. ನನ್ನ ಮೇಲೆ ನಿನಗೆ ಒಂದು ಸಲಾನೂ ಅನುಮಾನ ಬರಲಿಲ್ವಾ?"

"ಯಾಕೆ ಬರಲ್ಲ? ಮೊದಲು ನಿನ್ನ ಚೀಲಾನೇ ನೋಡಿದ್ದು."

ಇವರ ಕೈ ನಿಂತಿತು. ಮುಖ ಎಷ್ಟು ಪೆಚ್ಚಾಯಿತೆಂದರೆ ನನಗೆ ನಗು ತಡೆಯಲಾಗಲಿಲ್ಲ.

"ನೋಡದೆ ನನ್ನ ಮಗ ಅಂಥವನಲ್ಲ ಅಂದ್ರೆ ಅದು ತಾಯಿ ಮಾತು," ಎಂದರು ಅತ್ತೆ. "ಅದನ್ನ ಯಾರು ಕೇಳ್ತಾರೆ? ನೋಡಿ ಹೇಳಿದ್ರೆ ಸಾಕ್ಷಿ ಮಾತು. ಇವತ್ತು ನಿನಗೆ ಬೇಕಾಗಿದ್ದು ಸಾಕ್ಷಿ ಕಣೋ."

ಯಜಮಾನರು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು? ನೀನೂ ನೋಡಿದ್ಯಾ?"

"ನನಗೆ ನೋಡೋದೇ ಬೇಕಾಗಿರ್ಲಿಲ್ಲ," ಎಂದೆ.

ಇವರ ಮುಖ ಊರಗಲವಾಯಿತು. ವೆಲ್ವೆಟ್ಟು ಬಗಲಿಗೆ ಹಾಕಿಕೊಂಡು, ಮಿಂಚುವಿನ ಹಾಡು ಗುನುಗುತ್ತಾ ಬೀಗ ಹಾಕಲು ಹೊರಗೆ ಹೋದರು. ಮೂರು ಗಂಟೆಯಿಂದ ಐದರ ಒಳಗೆ ಎರಡು ಸಲ ನಾನು ಆ ಚೀಲದ ಜಿಪ್ಪಿನ ಮೇಲೆ ಕೈ ಇಟ್ಟಿದ್ದೆ. ಎಳೆಯಲು ಧೈರ್ಯ ಬಂದಿರಲಿಲ್ಲ.

ತಲೆಯೆತ್ತಿದರೆ ಅತ್ತೆ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಎರಡು ಸಾವಿರ ಜನರ ಮಧ್ಯೆ ಬಿಚ್ಚಿದ ಗುಂಡಿಯೊಂದನ್ನು ಕಂಡ ಕಣ್ಣು ಅದು. ನಾನು ಹೆಡ್‌ಫೋನಿನ ವೈರು ಸುತ್ತತೊಡಗಿದೆ.

"ನಡಿಯಮ್ಮ, ಊಟ ಆರಿಹೋಗುತ್ತೆ," ಎಂದರು ಅತ್ತೆ, ಮತ್ತು ನನ್ನ ಕೈ ಹಿಡಿದುಕೊಂಡರು.